ಗಾಜಿನ ಪೆಟ್ಟಿಗೆಯೂ ಕಲ್ಲಿನ ಗುಪ್ಪೆಯೂ

ಹೈದರಾಬಾದಿನ ಸಾರ್ವಜನಿಕ ಉದ್ಯಾನದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದವರಲ್ಲಿ ಅನೇಕರು ಶಿಲಾಮೂರ್ತಿಗಳನ್ನೂ ನಾಣ್ಯಗಳನ್ನೂ ದಾಟಿ ಮೊದಲು ಅರಸುವದು ಈಜಿಪ್ತದ ‘ಮಮ್ಮಿ’ಯನ್ನೇ. ಆಳಂದ, ಅಫಜಲಪುರ, ಜೇವರ್ಗಿಗಳು 1956ರ ವರೆಗೆ ಹೈದರಾಬಾದ ರಾಜ್ಯಕ್ಕೆ ಸೇರಿದ್ದುದರಿಂದ ಈ ಸೀಮೆಯವರಿಗೆ ರಾಜಧಾನಿಯ ವಸ್ತುಸಂಗ್ರಹಾಲಯವೆಂದರೆ ಅದೇ ಆಗಿದ್ದಿತು. ನಜೀರ್ ನವಾಜ್ ಜಂಗರು ಕೊಂಡು ತಂದ ಈ ಶವವನ್ನು ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿಖಾನರು 1930ರಲ್ಲಿ ಅಲ್ಲಿಗೆ ಒಪ್ಪಿಸಿದರು. ಅದು ನೈಶು ಎಂಬ ರಾಜಕುಮಾರಿಯದೆಂದು ಹೇಳುವರು. ಅದರ ಕಾಲವನ್ನು ಕ್ರಿ. ಪೂ. 300ರಿಂದ 100ರ ನಡುವೆ ಎಣಿಸಿರುವರು.

‘ಮಮ್ಮಿ’ ಶಬ್ದದ ಮೂಲವು ಮೇಣವೆಂಬ ಅರ್ಥದ ಪಾರಸೀ ‘ಮೋಮ್’. ನಮ್ಮ ಮೋಂಬತ್ತಿಯಲ್ಲಿರುವದೂ ಅದೇ. ಮಿದುಳನ್ನೂ ಕರುಳು ಮೊದಲಾದವುಗಳನ್ನೂ ತೆಗೆದು, ಹೃದಯವನ್ನು ಮಾತ್ರ ಒಳಗೇ ಉಳಿಸಿ, ನೇಟ್ರನ್ ಎಂಬ ಸವಳುಪ್ಪಿನಲ್ಲಿ ಸುಮಾರು 40 ದಿನ ಒಣಗಿಸಿ, ರಾಳ ಸವರಿ, ಅಗಸೆ ನಾರಿನ ಬಟ್ಟೆ ಸುತ್ತುತ್ತಿದ್ದರು. ಸಂಸ್ಕಾರವೆಲ್ಲ ಮುಗಿಯಲು 70 ದಿನ ಹಿಡಿಯುತ್ತಿದ್ದಿತು. ಆತ್ಮವು ಮರಳಿ ಬಂದು ತನ್ನ ದೇಹವನ್ನು ಗುರುತಿಸಬೇಕೆಂಬುದೇ ಇಷ್ಟೆಲ್ಲ ಶ್ರಮದ ಹಿಂದಿನ ನಂಬಿಕೆ. ಮರುಭೂಮಿಯ ಒಣ ಹವೆ ಕಾಯ್ದ ಆ ದೇಹವು ಇಲ್ಲಿ ಶಿಥಿಲವಾಗತೊಡಗಲು, 2016ರಲ್ಲಿ ಅದನ್ನು ಆಮ್ಲಜನಕವಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಯಿತು.

ಆದರೆ ಪ್ರಾಚೀನರು ತಮ್ಮ ಸತ್ತವರನ್ನು ಹೇಗೆ ಕಂಡರೆಂಬುದನ್ನು ತಿಳಿಯಲು ಭೀಮೆಯ ದಂಡೆಯವರು ನೈಲ್ ನದಿಯ ಮಾತನ್ನೇ ಕೇಳಬೇಕಾಗಿಲ್ಲ. ಸುರಪುರದ ಬಾಲರಾಜನ ಕಾಲದಲ್ಲಿ ಅಲ್ಲಿಯ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರು 19ನೆಯ ಶತಮಾನದ ಮಧ್ಯದಲ್ಲಿ ಜೇವರ್ಗಿಯ ಬಳಿಯ ಕಲ್ಲುಗುಪ್ಪೆಗಳನ್ನು ಅಗೆಯಿಸಿದರು. ಒಳಗೆ ಅಸ್ಥಿಪಂಜರಗಳೂ ಮಣ್ಣಿನ ಗಡಿಗೆಗಳೂ ಕಬ್ಬಿಣದ ಆಯುಧಗಳೂ ದೊರೆತವು. ಕೆಲವು ಪಂಜರಗಳಲ್ಲಿ ತಲೆ ಬೇರ್ಪಟ್ಟಿದ್ದುದನ್ನು ಕಂಡು ಅವರು ನರಬಲಿಯನ್ನು ಊಹಿಸಿದರು. ಊಹೆ ಹೇಗೇ ಇರಲಿ, ದಕ್ಷಿಣದ ಇಂಥ ಗೋರಿಗಳು ಬಹುಮಟ್ಟಿಗೆ ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳವೆಂಬುದು ವಿದ್ವಾಂಸರ ಮತ.

ಸತ್ತವನ ಮುಂದಿನ ದಾರಿಗೆ ಬುತ್ತಿ ಕಟ್ಟಿದವರು ಇಬ್ಬರೂ. ಅಲ್ಲಿಯವರು ದೇಹವನ್ನು ನಂಬಿದರು; ಇಲ್ಲಿಯವರು ಕಲ್ಲನ್ನು ನಂಬಿದರು. ಆ ದೇಹಕ್ಕೆ ಇಂದು ಹೆಸರುಂಟು, ಕಾವಲುಂಟು. ಇಲ್ಲಿಯ ಸತ್ತವರಿಗೆ ಹೆಸರಿಲ್ಲ. ಇಂಥ ಗುಪ್ಪೆಗಳ ಕಲ್ಲು ಹೊಲದ ಒಡ್ಡಿಗೋ ಮನೆಯ ಗೋಡೆಗೋ ಸಾಗಿಹೋಗುವದು ನಾಡಿನಲ್ಲಿ ಅಪರೂಪವಲ್ಲ. ಪರದೇಶದ ರಾಜಕುಮಾರಿಯನ್ನು ಕುತೂಹಲದಿಂದ ನೋಡಿ ಬಂದವರು ಊರ ಹೊರಗಿನ ಗುಪ್ಪೆಯನ್ನೂ ಅಷ್ಟೇ ಆದರದಿಂದ ನೋಡುವದು ಯೋಗ್ಯವು. ಆ ಕಲ್ಲು ಕದಲಿದರೆ ಕೆಳಗೆ ಮಲಗಿದವನಿಗೆ ಬೇರೆ ಗುರುತು ಉಳಿಯದು.