ಒಳನಾಡಿಗೆ ಬಂದ ಕಡಲ ಮಳೆ

ಘೋಣಸಗಿಗೆ ಕಡಲು ಕಾಣದು. ಆದರೂ ಅಲ್ಲಿಯ ಹಿಂಗಾರಿನಲ್ಲಿ ಬಂಗಾಳ ಉಪಸಾಗರದ ಪಾಲು ಇದ್ದೇ ಇದೆ. 2020ರ ಅಕ್ಟೋಬರ 13ರ ಮುಂಜಾನೆ ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡವನ್ನೇರಿತು. ಅಲ್ಲಿಂದ ಘೋಣಸಗಿಯು ಪಶ್ಚಿಮಕ್ಕೆ ಸುಮಾರು 700 ಕಿಲೋಮೀಟರು ದೂರ. ಕಡಲಿನ ಆವಿಯನ್ನಗಲಿದ ಗಾಳಿಯು ನೆಲದ ಮೇಲೆ ಸೊರಗಿತು. ಅದು ಹೊತ್ತು ತಂದ ನೀರು ಮಾತ್ರ ಸೊರಗಲಿಲ್ಲ. ತೆಲಂಗಾಣವನ್ನು ದಾಟಿ, ಮರುದಿನ ಉತ್ತರ ಕರ್ನಾಟಕ, ಸೊಲ್ಲಾಪುರ ಸೀಮೆಗಳ ಮೇಲೆ ಸುರಿಯಿತು. ಉಜನಿ ಜಲಾಶಯದಿಂದ ಬಿಟ್ಟ ನೀರೂ ಕೂಡಿ ಭೀಮೆಯು ಉಕ್ಕಿ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನುಗ್ಗಿ, ನಿಂತ ಪೈರನ್ನು ಮುಳುಗಿಸಿತು.

ಅದು ಚಿತ್ತೆಯ ಮಳೆ. ಬಿಳಿಜೋಳದ ಬಿತ್ತಿಗೆಗಾಗಿ ಎರೆಭೂಮಿಯು ಬಾಯ್ದೆರೆದು ಕಾಯುವ ಹಿಂಗಾರಿನ ಮಳೆಯೂ ಇದೇ. ಆದುದರಿಂದ ಇಲ್ಲಿಯ ರೈತನು ಮೂಡಲ ಮೋಡವನ್ನು ಶಪಿಸಲಾರನು. ಹದವರಿತು ಬಾ ಎಂದು ಬೇಡಿಕೊಳ್ಳಬಲ್ಲನಷ್ಟೆ.