ಊಟಿ ಕಟ್ಟಿದವರು ಯಾರು?

ಊಟಿ ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಮಂಜು, ಹೂದೋಟ, ಕೆರೆಯ ಮೇಲಿನ ದೋಣಿ, ಹೊಗೆ ಉಗುಳುತ್ತ ಬೆಟ್ಟ ಹತ್ತುವ ಪುಟ್ಟ ರೈಲು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ಶಾಲೆ ಮಕ್ಕಳಿಗೆ ಊಟಿ ಪ್ರವಾಸ ಅಂದರೆ ಒಂದು ಹಬ್ಬ. ಗುಂಡ್ಲುಪೇಟೆ ಬಿಟ್ಟು, ಬಂಡೀಪುರ, ಮುದುಮಲೆ ಕಾಡು ದಾಟಿ, ಬಸ್ಸು ಬೆಟ್ಟ ಹತ್ತುತ್ತದೆ. ಮೇಲೆ ಹೋದ ಮೇಲೆ ಗೈಡು ಹೇಳುತ್ತಾನೆ: ಊಟಿಯನ್ನು ಕಂಡುಹಿಡಿದವನು ಜಾನ್ ಸಲ್ಲಿವನ್ ಎಂಬ ಕಲೆಕ್ಟರ್ ದೊರೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪ್ರವಾಸದ ಚರಿತ್ರೆ ಅಲ್ಲಿಗೆ ಮುಗಿಯಿತು.

ಗೆಳೆಯರೆ, ನಾವು ಕೇಳಬೇಕಾದ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಜನ ಬಾಳಿ ಬದುಕುತ್ತಿದ್ದ ಜಾಗವನ್ನು ಕಂಡುಹಿಡಿಯೋದು ಅಂದರೇನು? 1799ರಲ್ಲಿ ಟಿಪ್ಪು ಸತ್ತ ಮೇಲೆ ನೀಲಗಿರಿ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕೊಯಮತ್ತೂರಿನ ಕಲೆಕ್ಟರ್ ಸಲ್ಲಿವನ್ ಬೆಟ್ಟ ಹತ್ತಿದ್ದು 1819ರಲ್ಲಿ. ಆ ಹೊತ್ತಿಗೆ ಅಲ್ಲಿ ಎಮ್ಮೆ ಮೇಯಿಸುವ ತೋಡರಿದ್ದರು, ಕಮ್ಮಾರಿಕೆ-ಕುಂಬಾರಿಕೆ ಬಲ್ಲ ಕೋತರಿದ್ದರು, ಉಳುವ ಬಡಗರಿದ್ದರು, ಇಳಿಜಾರಿನ ಕಾಡಿನಲ್ಲಿ ಕುರುಂಬರು, ಇರುಳರಿದ್ದರು. ಬಡಗ ಅಂದರೆ ಬಡಗಣ ದಿಕ್ಕಿನವರು. ಮೈಸೂರು ಸೀಮೆಯಿಂದ ವಲಸೆ ಬಂದವರು ನಾವು ಅಂತ ಅವರೇ ಹೇಳಿಕೊಳ್ಳುತ್ತಾರೆ. ಅವರ ಮಾತು ಕಿವಿಗೆ ಬಿದ್ದರೆ ನಮ್ಮ ಹಳ್ಳಿಯ ಮುದುಕರ ಕನ್ನಡ ಕೇಳಿದ ಹಾಗೇ ಆಗುತ್ತದೆ.

ಹಾಗಂತ ಬಿಳಿಯರು ಬರುವ ಮೊದಲು ಬೆಟ್ಟದ ಮೇಲೆ ಎಲ್ಲವೂ ಸ್ವರ್ಗವಾಗಿತ್ತು ಅಂತ ಹಾಡುವುದು ಬೇಡ. ಗುದ್ದಲಿ, ಕುಡಗೋಲು, ಮಡಕೆ ಮಾಡಿಕೊಟ್ಟು, ಸಾವಿನ ಮನೆಗೆ ಹೋಗಿ ವಾದ್ಯ ನುಡಿಸಿ ಬರುತ್ತಿದ್ದ ಕೋತರನ್ನು ಉಳಿದವರು ಕೀಳಾಗಿಯೇ ಕಾಣುತ್ತಿದ್ದರು. ದುಡಿಯುವ ಕೈಯನ್ನು ಕೀಳು ಮಾಡುವ ರೋಗ ಬಯಲಿನಲ್ಲಿ ಮಾತ್ರ ಇದ್ದದ್ದಲ್ಲ.

ಸಲ್ಲಿವನ್ ದೊರೆ ತೋಡರಿಂದ ನೆಲ ಕೊಂಡ. ಕೊಟ್ಟ ಬೆಲೆ ಎಕರೆಗೆ ಒಂದು ರೂಪಾಯಿ. 1822ರಲ್ಲಿ ಕಲ್ಲಿನ ಬಂಗಲೆಗೆ ಪಾಯ ಹಾಕಿದ. ಮರುವರ್ಷದಿಂದಲೇ ತೊರೆಗೆ ಕಟ್ಟೆ ಹಾಕಿಸಿ ಕೆರೆ ಮಾಡಿಸಿದ. ಇವತ್ತು ದುಡ್ಡು ಕೊಟ್ಟು ದೋಣಿ ಹತ್ತುತ್ತೀವಲ್ಲ, ಅದೇ ಕೆರೆ. ಬಂಗಲೆ ದೊರೆಯದು, ಕೆರೆ ದೊರೆಯದು ಅಂತ ಪುಸ್ತಕಗಳು ಬರೆದವು. ಮಣ್ಣು ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ರಸ್ತೆಯ ಕತೆ ನೋಡಿ. ಸಿರುಮುಗೈಯಿಂದ ಕೋತಗಿರಿ ಕಡೆಗೆ ಮೊದಲ ದಾರಿ ಕಡಿದದ್ದು 1820ರಿಂದ 1823ರವರೆಗೆ. ಮೇಲ್ವಿಚಾರಕ ಮ್ಯಾಕ್‌ಫರ್ಸನ್ ಎಂಬ ಲೆಫ್ಟಿನೆಂಟ್ ಅಂತ ದಾಖಲೆ ಹೇಳುತ್ತದೆ. ಬಂಡೆ ಒಡೆದವರು ಜೈಲಿನ ಕೈದಿಗಳು. ಅವರು ದಾಖಲೆಗೆ ಬರೀ 'ಕೈದಿಗಳು'. 1860ರ ದಶಕದಲ್ಲಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಬೇಕು ಅಂತ ಸಿಂಕೋನ ತೋಟ ಹಾಕಿದಾಗ ಚೀನೀ ಕೈದಿಗಳನ್ನು ಹಿಡಿದು ತಂದು ದುಡಿಸಿದರು. ಗೂಡಲೂರಿನಿಂದ ಊಟಿಗೆ ಹತ್ತುವಾಗ ಸಿಗುವ ನಡುವಟ್ಟಂನಲ್ಲಿ ಅವರನ್ನು ಕೂಡಿಹಾಕಿದ್ದ ಜೈಲಿನ ಕಟ್ಟಡ ಇವತ್ತಿಗೂ ನಿಂತಿದೆ. ಬಸ್ಸು ಅದರ ಹತ್ತಿರವೇ ಹಾದುಹೋಗುತ್ತದೆ. ಮಕ್ಕಳು ಆಗ ಹಾಡು ಹೇಳುತ್ತಿರುತ್ತಾರೆ.

ರೈಲಿನ ಕತೆಯೂ ಇದೇ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರಲ್ಲಿ ರೈಲು ಬಂತು. 46 ಕಿಲೋಮೀಟರ್ ದಾರಿ, 16 ಸುರಂಗ, 208 ತಿರುವು, 250 ಸೇತುವೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲ್ಲಿನ ಹಳಿಗೆ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನ ಹೆಸರಿದೆ. ಸುರಂಗ ಕೊರೆದ ಕೂಲಿಯವನ ಹೆಸರು ಯಾವ ಕಂಬಿಯ ಮೇಲೂ ಇಲ್ಲ.

ಇನ್ನು ಕಾಫಿ, ಟೀ ತೋಟ. ಶೋಲಾ ಕಾಡು ಕಡಿದು ತೋಟ ಮಾಡಲು ಸಾವಿರಾರು ಆಳು ಬೇಕಿತ್ತು. ತಮಿಳು ಸೀಮೆಯಿಂದ, ನಮ್ಮ ಮೈಸೂರು ಸೀಮೆಯಿಂದ ಮೇಸ್ತ್ರಿಗಳು ಆಳು ಹಿಡಿದು ತಂದರು. ಹಾಗೆ ಬಂದವರಲ್ಲಿ ಹೊಲಗೇರಿ, ಮಾದಿಗೇರಿ, ಪರೈಚೇರಿಗಳ ಜನವೇ ದೊಡ್ಡ ಪಾಲು. ಮೇಸ್ತ್ರಿ, ಮುಂಗಡ, ಲೈನು ಮನೆ. ಕೊಡಗು, ಚಿಕ್ಕಮಗಳೂರು, ಹಾಸನದ ಓದುಗರಿಗೆ ಈ ಮೂರು ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಡ ತಗೊಂಡವನು ಕೆಲಸ ಬಿಟ್ಟು ಓಡಿದರೆ ಜೈಲಿಗೆ ಹಾಕುವ ಕಾನೂನು 1859ರಲ್ಲೇ ಬಂದಿತ್ತು. ಸಾಲದು ಅಂತ 1903ರಲ್ಲಿ ಮದ್ರಾಸ್ ಸರ್ಕಾರ ಪ್ಲಾಂಟರುಗಳಿಗಾಗಿಯೇ ಇನ್ನೊಂದು ಕಾನೂನು ಮಾಡಿತು. ಕೂಲಿ ಕೊಡದ ಮಾಲೀಕನನ್ನು ಹಿಡಿದು ಒಳಗೆ ಹಾಕುವ ಅವಸರ ಮಾತ್ರ ಯಾರಿಗೂ ಇರಲಿಲ್ಲ.

1870ರಿಂದ ಊಟಿ ಮದ್ರಾಸ್ ಪ್ರಾಂತ್ಯದ ಬೇಸಿಗೆ ರಾಜಧಾನಿ ಆಯಿತು. ಬಿಸಿಲು ಏರಿದ ಕೂಡಲೆ ಸರ್ಕಾರವೇ ಬೆಟ್ಟ ಹತ್ತಿ ಕೂತುಬಿಡುತ್ತಿತ್ತು. ಮೈಸೂರಿನ ಅರಸು ಮನೆತನವೂ 1873ರಲ್ಲಿ ಅಲ್ಲೊಂದು ಅರಮನೆ ಕೊಂಡಿತು. ಅದೇ ದಶಕದಲ್ಲಿ, 1876ರಿಂದ 1878ರವರೆಗೆ, ಕೆಳಗೆ ಬಯಲಿನಲ್ಲಿ ಘೋರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದಿತ್ತು. ಮೊದಲು ಸತ್ತವರು ಯಾರು ಅಂತ ಕೇಳಬೇಕೆ? ಕಣಜ ಇಲ್ಲದವರು, ಹೊಲ ಇಲ್ಲದವರು, ಊರ ಬಾವಿಗೆ ಕೊಡ ಇಳಿಸುವ ಹಕ್ಕಿಲ್ಲದವರು.

ಇಷ್ಟೇ ಆಗಿದ್ದರೆ ಊಟಿಯ ಚರಿತ್ರೆ ನಮ್ಮವರ ಬೆವರಿನ, ಕಣ್ಣೀರಿನ ಚರಿತ್ರೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅಲ್ಲಿ ನಮ್ಮವರು ಬೆವರು ಸುರಿಸಿದ್ದಷ್ಟೇ ಅಲ್ಲ, ತಲೆ ಎತ್ತಿ ಮಾತಾಡಿದರು. ಯಾವ ಗೈಡೂ ಹೇಳದ ಮಾತು ಇದು.

ಬಿಳಿಯರ ಬಂಗಲೆಗಳಲ್ಲಿ ಅಡಿಗೆ ಮಾಡಲು, ಕುದುರೆ ನೋಡಿಕೊಳ್ಳಲು, ಕಕ್ಕಸು ತೊಳೆಯಲು ಆಳು ಬೇಕಿತ್ತು. ದನದ ಮಾಂಸ ಬೇಯುವ ಅಡಿಗೆಮನೆಗೆ ಮೇಲ್ಜಾತಿಯವರು ಕಾಲಿಡುತ್ತಿರಲಿಲ್ಲ. ಹಾಗಾಗಿ ಬಟ್ಲರ್ ಕೆಲಸ, ಅಡಿಗೆ ಕೆಲಸ ಪರಯರ ಪಾಲಿಗೆ ಬಂತು. ಊರಲ್ಲಿ ಜಮೀನ್ದಾರನ ಜೀತದಾಳಾಗಿದ್ದವನಿಗೆ ಇಲ್ಲಿ ತಿಂಗಳ ಸಂಬಳ ಸಿಕ್ಕಿತು. ಮಿಷನ್ ಶಾಲೆಗಳಲ್ಲಿ ಅವನ ಮಕ್ಕಳಿಗೆ ಅಕ್ಷರ ಸಿಕ್ಕಿತು. ಇಂಗ್ಲಿಷರು ದೊಡ್ಡ ಮನಸ್ಸು ಮಾಡಿ ಕೊಟ್ಟರು ಅಂತ ನಾವು ಹೇಳುವುದಿಲ್ಲ. ಅವರ ಅಡಿಗೆಮನೆಗೆ ಹೋದವನು ಅವರ ಕ್ಲಬ್ಬಿನ ಕುರ್ಚಿಯಲ್ಲಿ ಕೂರುವ ಹಾಗಿರಲಿಲ್ಲ. ಆದರೆ ಊರಿನ ಗೌಡ, ಶಾನುಭೋಗ, ಅಗ್ರಹಾರ ಮೂರೂ ಕಣ್ಣೆದುರು ಇಲ್ಲದ ಜಾಗದಲ್ಲಿ ನಾಲ್ಕು ಜನ ಕೂತು ಯೋಚನೆ ಮಾಡುವುದಕ್ಕೆ ಬಿಡುವು ಸಿಕ್ಕಿತು. ಆ ಬಿಡುವನ್ನು ಅವರು ಹಾಳು ಮಾಡಲಿಲ್ಲ.

ಅವರಲ್ಲಿ ಒಬ್ಬರು ಅಯೋತಿದಾಸ ಪಂಡಿತರು. ಹುಟ್ಟಿದ್ದು 1845ರಲ್ಲಿ, ಹುಟ್ಟಿದ ಹೆಸರು ಕಾತವರಾಯನ್. ತಮಗೆ ಅಕ್ಷರ, ತಮಿಳು ಸಾಹಿತ್ಯ, ಸಿದ್ಧವೈದ್ಯ ಕಲಿಸಿದ ಗುರುವಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. ಅವರ ತಾತ ಕಂದಪ್ಪನ್ ಹ್ಯಾರಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿಯ ಬಟ್ಲರ್. ತಿರುಕ್ಕುರಳಿನ ತಾಳೆಗರಿ ಕಟ್ಟು ಆ ಬಟ್ಲರನ ಮನೆಯಿಂದ ಹ್ಯಾರಿಂಗ್ಟನ್‌ಗೆ, ಅಲ್ಲಿಂದ ಎಲ್ಲಿಸ್ ಎಂಬ ವಿದ್ವಾಂಸನ ಕೈಗೆ ಹೋಯಿತು ಅಂತ ಆ ಸಮುದಾಯ ಹೇಳಿಕೊಂಡು ಬಂದಿದೆ. ಅಕ್ಷರ ಮುಟ್ಟಬಾರದವರ ಮನೆಯ ಅಟ್ಟದಲ್ಲಿ ತಾಳೆಗರಿ! ನಮ್ಮ ಪಂಡಿತರು ಜೀರ್ಣ ಮಾಡಿಕೊಳ್ಳಲಾರದ ಸತ್ಯ ಇದು.

ಅಯೋತಿದಾಸರು ಬೆಳೆದದ್ದು ನೀಲಗಿರಿಯಲ್ಲಿ. 1870ರ ದಶಕದಲ್ಲಿ ಅಲ್ಲೇ ಅದ್ವೈತಾನಂದ ಸಭೆ ಕಟ್ಟಿದರು. ಆಮೇಲೆ ಅದ್ವೈತವೂ ಸಾಲದು ಅಂತ ಅವರಿಗೆ ಗೊತ್ತಾಯಿತು. 1891ರ ಡಿಸೆಂಬರ್ 1ರಂದು ನೀಲಗಿರಿಯಲ್ಲಿ ದ್ರಾವಿಡ ಮಹಾಜನ ಸಭೆಯ ಸಮ್ಮೇಳನ ನಡೆಸಿದರು. ಹತ್ತು ನಿರ್ಣಯ ಮಾಡಿದರು. ನಮ್ಮ ಜಾತಿ ಹೆಸರನ್ನು ಬೈಗುಳ ಮಾಡಿ ಅವಮಾನಿಸುವವರಿಗೆ ಶಿಕ್ಷೆ ಕೊಡುವ ಕಾನೂನು ಬೇಕು ಅಂದರು. ನಮ್ಮ ಮಕ್ಕಳಿಗೆ ಶಾಲೆ, ವಿದ್ಯಾರ್ಥಿವೇತನ ಬೇಕು, ಓದಿದವರಿಗೆ ಸರ್ಕಾರಿ ಕೆಲಸ ಬೇಕು ಅಂದರು. ಸಾರ್ವಜನಿಕ ಬಾವಿ, ಕೆರೆಗಳ ನೀರು ನಮಗೂ ಬೇಕು ಅಂದರು. ನಿರ್ಣಯಗಳನ್ನು ಕಾಂಗ್ರೆಸ್ಸಿಗೂ ಕಳಿಸಿದರು. ಅಲ್ಲಿಂದ ಬಂದ ಉತ್ತರ ಮೌನ.

ಈ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಬಾಬಾಸಾಹೇಬರು ಹುಟ್ಟಿದ್ದು 1891ರ ಏಪ್ರಿಲ್ 14. ಅವರು ಇನ್ನೂ ಎಂಟು ತಿಂಗಳು ತುಂಬದ ಕೂಸಾಗಿದ್ದಾಗ ಈ ಬೆಟ್ಟದ ಮೇಲೆ ಅಸ್ಪೃಶ್ಯರು ಸಭೆ ಸೇರಿ ನೀರು ಕೇಳಿದ್ದರು. ಮಹಾಡದ ಚೌದಾರ್ ಕೆರೆಯ ಸತ್ಯಾಗ್ರಹ ನಡೆದದ್ದು 1927ರಲ್ಲಿ, ಅಂದರೆ 36 ವರ್ಷದ ಮೇಲೆ. ಜಾತಿ ಹಿಡಿದು ಬೈಯುವವರಿಗೆ ಶಿಕ್ಷೆ ಕೊಡಿ ಅಂತ ಕೇಳಿದ್ದು 1891ರಲ್ಲಿ. ಅಂಥ ಅವಮಾನ ಅಪರಾಧ ಅಂತ ಖಡಾಖಂಡಿತವಾಗಿ ಹೇಳುವ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. 98 ವರ್ಷ! ದಲಿತರು ನಿನ್ನೆ ಮೊನ್ನೆ ಮಾತಾಡಲು ಕಲಿತರು, ಯಾರೋ ಕಿವಿಯಲ್ಲಿ ಹೇಳಿಕೊಟ್ಟರು ಅನ್ನುವವರ ಮುಂದೆ ಈ ಎರಡು ಇಸವಿ ಇಟ್ಟರೆ ಸಾಕು.

1892ರಲ್ಲಿ ಮದ್ರಾಸಿನ ಮಹಾಜನ ಸಭೆಯಲ್ಲಿ ಅಯೋತಿದಾಸರು ನೇರವಾಗಿ ಕೇಳಿದರು: ದೇವರು ಎಲ್ಲರಿಗೂ ಸೇರಿದವನಾದರೆ ವಿಷ್ಣು ಗುಡಿಗೆ, ಶಿವನ ಗುಡಿಗೆ ನಮ್ಮನ್ನು ಯಾಕೆ ಬಿಡುವುದಿಲ್ಲ? ನಿಮಗೆ ನಿಮ್ಮ ಸಣ್ಣ ದೇವರುಗಳಿದ್ದಾರಲ್ಲ, ನಮ್ಮ ದೇವರು ನಿಮಗಲ್ಲ ಎಂಬ ಉತ್ತರ ಬಂತು. ಹಾಗಾದರೆ ನಿಮ್ಮ ದೇವರು ನಮಗೆ ಬೇಡ ಅಂದರು ಪಂಡಿತರು. ನಮ್ಮ ಜನ ಹಿಂದೂಗಳಲ್ಲ, ಜಾತಿಭೇದವಿಲ್ಲದ ದ್ರಾವಿಡರು ಅಂತ ಸಾರಿದರು. 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧದೀಕ್ಷೆ ಪಡೆದು ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾಗಪುರದ ದೀಕ್ಷೆಗೆ 58 ವರ್ಷ ಮೊದಲು. 1907ರಿಂದ 1914ರಲ್ಲಿ ಸಾಯುವ ತನಕ ವಾರಪತ್ರಿಕೆ ನಡೆಸಿದರು. ಅದರ ಹೆಸರು 'ಒರು ಪೈಸಾ ತಮಿಳನ್'. ಒಂದು ಪೈಸೆ ಬೆಲೆ, ಕೂಲಿಯವನೂ ಕೊಂಡು ಓದಲಿ ಅಂತ.

ಈ ಕಿಡಿ ನಮ್ಮ ನಾಡಿಗೂ ಬಂತು. ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದು ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ಸೀಮೆಯ ದಲಿತರು. ಅಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ಎದ್ದಿತು. ಪಂಡಿತರ ಪುಸ್ತಕಗಳು ಮಾರಿಕುಪ್ಪಂನ ಸಿದ್ಧಾರ್ಥ ಪುಸ್ತಕಶಾಲೆಯಿಂದ ಅಚ್ಚಾಗಿ ಹೊರಬಂದವು. ಪಂಡಿತರು ಸತ್ತ ಮೇಲೆ ನಿಂತುಹೋಗಿದ್ದ 'ತಮಿಳನ್' ಪತ್ರಿಕೆಗೆ ಮತ್ತೆ ಜೀವ ಕೊಟ್ಟವರೂ ಅಲ್ಲಿನವರೇ. ಬೆಳಿಗ್ಗೆ ಸುರಂಗದಲ್ಲಿ ಬಂಡೆ ಒಡೆದು ಸಂಜೆ ಬುದ್ಧನನ್ನು ಓದಿದ ಜನ ಅವರು. 2001ರಲ್ಲಿ ಗಣಿ ಮುಚ್ಚಿದಾಗ ಲಾಭ ನಷ್ಟದ ಲೆಕ್ಕ ಬಂತು. ಈ ಲೆಕ್ಕ ಯಾರೂ ಕೇಳಲಿಲ್ಲ.

ಮತ್ತೆ ಬೆಟ್ಟಕ್ಕೆ ಬರೋಣ. ಸ್ವಾತಂತ್ರ್ಯ ಬಂತು, ದೊರೆಗಳು ಹೋದರು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. 1964ರಲ್ಲಿ ಸಿಲೋನಿನ ಜೊತೆ ಶಾಸ್ತ್ರಿ ಸರ್ಕಾರ ಒಪ್ಪಂದ ಮಾಡಿಕೊಂಡು 5 ಲಕ್ಷ 25 ಸಾವಿರ ತೋಟದ ಕೂಲಿಗಳನ್ನು ಭಾರತಕ್ಕೆ ಕರೆಸಿಕೊಳ್ಳಲು ಒಪ್ಪಿತು. ನೂರು ವರ್ಷ ಅಲ್ಲಿ ಟೀ ಬೆಳೆದವರನ್ನು ನಿಮ್ಮ ದೇಶಕ್ಕೆ ಹೋಗಿ ಅಂದರು. ನೀಲಗಿರಿಯಲ್ಲಿ ತಮಿಳುನಾಡು ಸರ್ಕಾರ 1968ರಿಂದ ಹೊಸ ಟೀ ತೋಟ ಹಾಕಿ ಅವರಿಗೆ ಕೆಲಸ ಕೊಟ್ಟಿತು. ಅವರಲ್ಲೂ ಹೆಚ್ಚಿನವರು ದಲಿತರೇ. 2022ರಲ್ಲಿ ಆ ತೋಟದ ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರು ನೆಲವನ್ನು ಅರಣ್ಯ ಇಲಾಖೆಗೆ ವಾಪಸು ಕೊಡಲು ಸರ್ಕಾರ ತೀರ್ಮಾನಿಸಿದಾಗ ಕೂಲಿಯವರು ಬೀದಿಗಿಳಿದರು. ನಿವೃತ್ತರಾದ ದಿನ ಲೈನು ಮನೆಯೂ ಹೋಗುವುದಾದರೆ ಎಲ್ಲಿಗೆ ಹೋಗೋದು? ಮೂರು ತಲೆಮಾರು ಬೆಟ್ಟವನ್ನು ಹಸಿರು ಮಾಡಿದವರಿಗೆ ಅಲ್ಲಿ ಒಂದು ಗುಂಟೆ ನೆಲ ಇಲ್ಲ.

ತೋಡರ ಹಟ್ಟಿಗೆ ಮಂದ್ ಎನ್ನುತ್ತಾರೆ. ಉದಕಮಂಡಲ ಎಂಬ ಹೆಸರಿನ ಒಳಗೇ ಒಂದು ಮಂದ್ ಅಡಗಿದೆ. 2011ರ ಜನಗಣತಿಯಲ್ಲಿ ತೋಡರು ಉಳಿದದ್ದು ಎರಡು ಸಾವಿರ ಜನ. ಊರಿನ ಹೊಲಸು ಹೊತ್ತು ಕೆರೆಗೆ ತಂದು ಸುರಿಯುವ ಕಾಲುವೆಗೆ ಕೋಡಪ್ಪಮಂದ್ ಕಾಲುವೆ ಅಂತ ಹೆಸರು. ಅವರ ನೆಲ ತಗೊಂಡವರು ಅವರ ಹೆಸರನ್ನು ಚರಂಡಿಗೆ ಇಟ್ಟು ಉಳಿಸಿಕೊಂಡಿದ್ದಾರೆ.

ಮಂಜು ನೋಡಬೇಡಿ, ಹೂವು ನೋಡಬೇಡಿ ಅಂತ ನಾವು ಹೇಳುತ್ತಿಲ್ಲ. ಚೆಲುವು ನೋಡುವ ಹಕ್ಕು ನಮ್ಮ ಮಕ್ಕಳಿಗೂ ಇದೆ. ನೂರು ವರ್ಷ ಅದನ್ನೂ ಕಸಿದಿದ್ದರು. ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ನಡುವಟ್ಟಂನಲ್ಲಿ ಬಸ್ಸು ಐದು ನಿಮಿಷ ನಿಲ್ಲಿಸಿ. ಸುರಂಗ ಎಣಿಸುವ ಮಕ್ಕಳಿಗೆ ಅದನ್ನು ಕೊರೆದವರು ಯಾವ ಕೇರಿಯವರಿರಬಹುದು ಅಂತ ಕೇಳಿ. ವಿದ್ಯಾರ್ಥಿ ಗೆಳೆಯರು ಕೋಲಾರದ ಗಣಿ ಲೈನುಗಳಿಗೆ, ಮಲೆನಾಡಿನ, ನೀಲಗಿರಿಯ ಎಸ್ಟೇಟ್ ಲೈನುಗಳಿಗೆ ಹೋಗಿ ಅಜ್ಜ ಅಜ್ಜಿಯರ ಬಾಯಲ್ಲಿರುವುದನ್ನು ಬರೆದುಕೊಳ್ಳಿ. ಅವರು ಹೋದರೆ ಆ ಚರಿತ್ರೆಯೂ ಅವರ ಜೊತೆಗೇ ಮಣ್ಣಾಗುತ್ತದೆ. ಏಪ್ರಿಲ್ 14ನ್ನು ಮರೆಯದ ನಾವು ನಮ್ಮ ಕ್ಯಾಲೆಂಡರಿನಲ್ಲಿ ಡಿಸೆಂಬರ್ 1ಕ್ಕೂ ಒಂದು ಗುರುತು ಹಾಕಿಕೊಳ್ಳೋಣ.