‘ಆಡಿಷನ್’ ಶಬ್ದವೂ ಧರ್ಮಸ್ಥಳದ ಹೊಯ್ಲೂ

ಗಾಯಕರನ್ನಾಗಲಿ ನಟರನ್ನಾಗಲಿ ಆರಿಸಿಕೊಳ್ಳುವುದಕ್ಕೆ ಮುನ್ನ ನಡೆಸುವ ಪರೀಕ್ಷೆಗೆ ‘ಆಡಿಷನ್’ ಎಂಬ ಇಂಗ್ಲಿಷ್ ಮಾತು ನಮ್ಮಲ್ಲಿ ರೂಢಿಗೆ ಬಂದಿದೆ. ಕನ್ನಡದಲ್ಲಿ ಇದನ್ನು ‘ಧ್ವನಿಪರೀಕ್ಷೆ’ ಎನ್ನುವುದುಂಟು. ಆದರೆ ಮೂಲಶಬ್ದದಲ್ಲಿ ಪರೀಕ್ಷೆ ಎಂಬ ಅರ್ಥವು ಲೇಶವೂ ಇಲ್ಲವೆಂಬುದು ಗಮನಿಸತಕ್ಕ ಸಂಗತಿ. ಲ್ಯಾಟಿನ್ ಭಾಷೆಯ ‘ಆಡಿರೆ’ ಎಂಬ ಪದಕ್ಕೆ ಕೇಳುವುದು ಎಂದಿಷ್ಟೇ ಅರ್ಥ. ೧೬ನೆಯ ಶತಮಾನದ ಕೊನೆಯಲ್ಲಿ ‘ಆಡಿಷನ್’ ಇಂಗ್ಲಿಷಿಗೆ ಬಂದಾಗ ಅದು ಶ್ರವಣಶಕ್ತಿಯನ್ನು ಸೂಚಿಸುತ್ತಿತ್ತು. ಕಲಾವಿದನನ್ನು ಪ್ರಯೋಗಾರ್ಥವಾಗಿ ಕೇಳುವುದೆಂಬ ಅರ್ಥವು ಹುಟ್ಟಿದ್ದು ೧೮೮೦ರ ಸುಮಾರಿಗೆ; ಅದು ಕ್ರಿಯಾಪದವಾದದ್ದು ೧೯೩೦ರ ದಶಕದಲ್ಲಿ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ್ದೂ ಅದೇ ದಶಕದಲ್ಲಿ, ೧೯೩೫ರಲ್ಲಿ.

ಈ ಶಬ್ದದ ಬಳಗವು ದೊಡ್ಡದು. ಸಭಿಕರನ್ನು ಹೇಳುವ ‘ಆಡಿಯೆನ್ಸ್’, ಸಭಾಮಂದಿರವನ್ನು ಹೇಳುವ ‘ಆಡಿಟೋರಿಯಂ’ ಇವೆರಡೂ ಅದರ ಒಡಹುಟ್ಟುಗಳು. ಲೆಕ್ಕಪರಿಶೋಧನೆಗೆ ಸಲ್ಲುವ ‘ಆಡಿಟ್’ ಕೂಡ ಅದೇ ಕುಲದ್ದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಕಿವಿಯಿಂದ ಕೇಳಿ ಒಪ್ಪುತ್ತಿದ್ದರು. ಇವುಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ಕರ್ತವ್ಯವು ಮುಖ್ಯವಾಗಿ ಕೇಳುವವನದು. ಹಾಡುವವನು ತೇರ್ಗಡೆಯಾದನೆ ಎಂಬ ಪ್ರಶ್ನೆಗಿಂತ ಮೊದಲು, ಕೇಳುವವನು ಸರಿಯಾಗಿ ಕೇಳಿದನೆ ಎಂಬ ಪ್ರಶ್ನೆಯನ್ನು ಈ ಶಬ್ದವು ನಮ್ಮ ಮುಂದಿಡುತ್ತದೆ.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ನಮ್ಮ ನಾಡಿನಲ್ಲಿ ಧರ್ಮಸ್ಥಳಕ್ಕಿಂತ ತಕ್ಕ ಸ್ಥಳವು ಮತ್ತೊಂದಿಲ್ಲ. ನೇತ್ರಾವತಿಯ ಬಳಿಯಲ್ಲಿರುವ ಈ ಕ್ಷೇತ್ರಕ್ಕೆ ಹಿಂದೆ ಕುಡುಮವೆಂದು ಹೆಸರು. ದೇವರು ಶಿವ; ಪೂಜೆಮಾಡುವವರು ಮಾಧ್ವ ವೈಷ್ಣವರು; ಆಡಳಿತವನ್ನು ನಡೆಸುವವರು ಜೈನರಾದ ಹೆಗ್ಗಡೆಯವರು. ವ್ಯಾಜ್ಯವುಳ್ಳವರು ಇಲ್ಲಿಗೆ ಬಂದು ಹೆಗ್ಗಡೆಯವರ ಮುಂದೆ ತಮ್ಮ ಅಹವಾಲನ್ನು ಹೇಳಿಕೊಳ್ಳುವ ಸಂಪ್ರದಾಯಕ್ಕೆ ‘ಹೊಯ್ಲು’ ಎಂದು ಹೆಸರು. ಹಳಗನ್ನಡದಲ್ಲಿ ‘ಪುಯ್ಯಲ್’ ಎಂದರೆ ಕೂಗು, ಮೊರೆ. ‘ಹುಯ್ಯಲು’ ಅದರ ಮುಂದಿನ ರೂಪ. ಹೊಯ್ಲು ಎಂಬ ಮಾತೂ ಆ ಬಳಗಕ್ಕೆ ಸೇರಿದಂತೆಯೇ ಕೇಳಿಸುತ್ತದೆ. ಇಂಗ್ಲಿಷ್ ಶಬ್ದವು ಕೇಳುವವನ ಕಿವಿಯಿಂದ ಹೊರಟರೆ, ನಮ್ಮ ಶಬ್ದವು ಮೊರೆಯಿಡುವವನ ಬಾಯಿಂದ ಹೊರಡುತ್ತದೆ. ದಾರಿ ಬೇರೆಯಾದರೂ ಸೇರುವ ಸ್ಥಳ ಒಂದೇ.

ಈ ತೀರ್ಪಿನ ಹಿಂದೆ ಪೋಲೀಸರಿಲ್ಲ, ಸೆರೆಮನೆಯಿಲ್ಲ. ಉಭಯ ಪಕ್ಷದವರೂ ತಮ್ಮ ಮಾತನ್ನು ಪೂರ್ತಿಯಾಗಿ ಕೇಳಲಾಯಿತೆಂದು ನಂಬುವುದರಿಂದಲೂ, ದೇವರ ಸನ್ನಿಧಿಯಲ್ಲಿ ಆಡಿದ ಮಾತಿಗೆ ತಪ್ಪಬಾರದೆಂಬ ಭೀತಿಯಿಂದಲೂ ಅದು ನಿಲ್ಲುತ್ತದೆ. ‘ಮಾತು ಬಿಡ ಮಂಜುನಾಥ’ ಎಂಬ ನಾಣ್ಣುಡಿಯು ಹುಟ್ಟಿದ್ದು ಈ ನಂಬಿಕೆಯಿಂದ. ಸೋತವನೂ ಒಪ್ಪಿ ಮನೆಗೆ ಹೋಗುವಂತೆ ಕೇಳುವುದೇ ನಿಜವಾದ ಕೇಳುವಿಕೆ.

ಇದೇ ಕ್ಷೇತ್ರದ ಹೆಸರಿನಲ್ಲಿ ಯಕ್ಷಗಾನ ಮೇಳವೊಂದು ಬಹುಕಾಲದಿಂದ ನಡೆದುಬಂದಿದೆ. ಕುರಿಯ ವಿಠಲ ಶಾಸ್ತ್ರಿಗಳಂಥ ಕಲಾವಿದರು ಅದನ್ನು ಬೆಳಗಿದರು. ಉತ್ತರ ಕನ್ನಡದಿಂದ ಬಂದ ಕಡತೋಕ ಮಂಜುನಾಥ ಭಾಗವತರು ದೀರ್ಘಕಾಲ ಅಲ್ಲಿ ಹಾಡಿದರು. ತೆಂಕುತಿಟ್ಟಿನ ಹಳೆಯ ಮೇಳಗಳಲ್ಲಿ ಹೊಸಬನನ್ನು ಒಂದು ದಿನ ಕರೆದು, ಐದು ನಿಮಿಷ ಕೇಳಿ, ಬೇಕು ಬೇಡ ಎಂದು ಹೇಳುವ ಕ್ರಮವಿರಲಿಲ್ಲ. ಮೇಳವನ್ನು ಸೇರಿದ ಹುಡುಗನು ಮೊದಲು ಕೋಡಂಗಿಯಾಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷಗಳು. ಪ್ರಸಂಗವು ಆರಂಭವಾಗುವುದಕ್ಕೆ ಮೊದಲು, ಸಭಿಕರು ಇನ್ನೂ ಬಂದು ಕೂಡುತ್ತಿರುವಾಗ, ಅವನ ಹೆಜ್ಜೆಯು ರಂಗದ ಮೇಲೆಯೇ ತಿದ್ದಿಕೊಳ್ಳುತ್ತಿತ್ತು. ತನ್ನ ಸರದಿ ಮುಗಿದಮೇಲೆ ಅವನು ರಾತ್ರಿಯೆಲ್ಲ ಹಿರಿಯರ ಅರ್ಥಗಾರಿಕೆಯನ್ನು ಕೇಳುತ್ತ ಕಲಿಯುತ್ತಿದ್ದನು. ಭಾಗವತರು ಅವನನ್ನು ಕೇಳುತ್ತಿದ್ದರು. ಊರೂರಿನ ಸಭೆಯೂ ಕೇಳುತ್ತಿತ್ತು. ಆ ಆಡಿಷನ್ನು ವರ್ಷಗಟ್ಟಲೆ ನಡೆಯುತ್ತಿತ್ತು. ಕಂಠವು ಒಡೆಯುವ ವಯಸ್ಸಿನಲ್ಲಿ ಧ್ವನಿ ಕೆಟ್ಟ ಹುಡುಗನಿಗೂ ಅಲ್ಲಿ ಕಾಲಾವಕಾಶವಿತ್ತು.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ನಾವು ಹೇಳಲಾರೆವು. ಕೇಳಿಸಿಕೊಳ್ಳಬೇಕಾದರೆ ಮೊದಲು ಬಣ್ಣದ ಚೌಕಿಯ ಒಳಗೆ ಪ್ರವೇಶವು ದೊರೆಯಬೇಕಷ್ಟೆ. ಸ್ತ್ರೀವೇಷವು ಮೇಳದಲ್ಲಿ ಪ್ರಧಾನವಾಗಿದ್ದರೂ ಸ್ತ್ರೀಯರಿಗೆ ಅಲ್ಲಿ ಸ್ಥಾನವಿರಲಿಲ್ಲ. ಹುಟ್ಟಿದ ಮನೆ, ಗುರುವಿನ ಪರಿಚಯ, ಜಾತಿ ಇವು ಬಾಗಿಲನ್ನು ತೆರೆಯುತ್ತಿದ್ದವು, ಮುಚ್ಚುತ್ತಲೂ ಇದ್ದವು. ಬಾಗಿಲ ಹೊರಗೆ ನಿಂತವರ ಧ್ವನಿಯನ್ನು ಯಾರೂ ಕೇಳಲಿಲ್ಲ; ಅವರಲ್ಲಿ ಎಷ್ಟು ಮಂದಿ ಭಾಗವತರಾಗಬಹುದಾಗಿತ್ತೆಂಬುದನ್ನು ಯಾವ ಚರಿತ್ರೆಯೂ ಬರೆದಿಡಲಿಲ್ಲ. ೧೯೭೦ರ ದಶಕದಲ್ಲಿ ಧರ್ಮಸ್ಥಳದಲ್ಲಿ ಯಕ್ಷಗಾನವನ್ನು ಕಲಿಸುವ ಲಲಿತಕಲಾ ಕೇಂದ್ರವು ಏರ್ಪಟ್ಟಾಗ, ಮೇಳದ ಒಳಗೇ ನಡೆಯುತ್ತಿದ್ದ ಕಲಿಕೆಗೆ ಶಾಲೆಯ ರೂಪವೂ ಬಂದಿತು.

ಆಧುನಿಕ ಆಡಿಷನ್ನಿನ ಹಿರಿಮೆಯಿರುವುದು ಈ ಬಾಗಿಲಿನ ವಿಷಯದಲ್ಲಿಯೇ. ಬಿ. ವಿ. ಕೇಸ್ಕರರು ಸಚಿವರಾಗಿದ್ದಾಗ, ೧೯೫೨ರಲ್ಲಿ, ಆಕಾಶವಾಣಿಯು ಸಂಗೀತಗಾರರಿಗೆ ಆಡಿಷನ್ ಪದ್ಧತಿಯನ್ನು ವಿಧಿಸಿತು. ಕೇಳಿದ ಬಳಿಕ ಕಲಾವಿದರನ್ನು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಹೆಸರಾಂತ ಹಿರಿಯರಲ್ಲಿ ಅನೇಕರಿಗೆ ಇದು ಅವಮಾನವೆಂದು ತೋರಿತು, ಅವರು ಪ್ರತಿಭಟಿಸಿದರು. ಆ ಕೋಪವು ಅರ್ಥವಾಗತಕ್ಕದ್ದೇ. ಜೀವಮಾನದ ಸಾಧನೆಯನ್ನು ಕೆಲವು ನಿಮಿಷಗಳಲ್ಲಿ ತೂಗುವುದು ಸುಲಭವಲ್ಲ. ಆದರೆ ಗುರುಮನೆತನದ ಹೆಸರಿಲ್ಲದವನೂ, ಹೆಂಗಸೂ, ಹಳ್ಳಿಯವನೂ ಅರ್ಜಿಯನ್ನು ಬರೆದು ಮೈಕಿನ ಮುಂದೆ ನಿಲ್ಲಬಹುದೆಂಬುದು ಸಾಮಾನ್ಯವಾದ ಬದಲಾವಣೆಯಲ್ಲ. ಮುಖವನ್ನು ನೋಡದೆ ಧ್ವನಿಯನ್ನು ಮಾತ್ರ ಕೇಳಿದರೆ, ಕುಲವೂ ಶಿಫಾರಸೂ ಕಿವಿಯವರೆಗೆ ಬರಲಾರವು. ೧೯೭೬ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ನಿಲಯವು ತೆರೆದ ಮೇಲೆ ಕರಾವಳಿಯ ಕಲಾವಿದರಿಗೂ ಈ ಬಾಗಿಲು ಹತ್ತಿರವಾಯಿತು.

ಹೀಗೆ ನಮ್ಮ ಮುಂದೆ ಎರಡು ಗುಣಗಳಿವೆ. ಮೇಳದಲ್ಲಿ ತಾಳ್ಮೆಯಿತ್ತು, ಬಾಗಿಲು ಕಿರಿದಾಗಿತ್ತು. ಆಡಿಷನ್ನಿನಲ್ಲಿ ಬಾಗಿಲು ಅಗಲವಾಯಿತು, ತಾಳ್ಮೆ ಕಿರಿದಾಯಿತು. ಬಂದವನು ಯಾರೆಂದು ಎಣಿಸದೆ, ಅವನ ಮಾತು ಮುಗಿಯುವವರೆಗೂ ಕೇಳುವುದು ಹೊಯ್ಲಿನ ಆದರ್ಶ. ಎರಡು ಗುಣಗಳೂ ಅದರಲ್ಲಿ ಕೂಡಿವೆ. ಆಯ್ಕೆಯ ಮೇಜಿನ ಹಿಂದೆ ಕುಳಿತುಕೊಳ್ಳುವವರು, ನಮ್ಮಂಥ ಅಧ್ಯಾಪಕರೂ ಸೇರಿದಂತೆ, ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ಕೊನೆಗೆ ನಮ್ಮ ನುಡಿಯ ಮಾತೊಂದು. ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಆಲಿಸು ಎಂದೂ ಬೇಡು ಎಂದೂ ಎರಡು ಅರ್ಥಗಳುಂಟು. ಹಾಡಲು ಬಂದವನು ಅವಕಾಶವನ್ನು ಕೇಳುತ್ತಾನೆ. ಕುಳಿತವನು ಹಾಡನ್ನು ಕೇಳುತ್ತಾನೆ. ಲ್ಯಾಟಿನ್ ಪದದಲ್ಲಿ ಒಬ್ಬನ ಕೆಲಸ ಮಾತ್ರ ಕಾಣುತ್ತದೆ. ನಮ್ಮ ಪದದಲ್ಲಿ ಇಬ್ಬರದೂ ಕಾಣುತ್ತದೆ. ‘ಆಡಿಷನ್’ ಎಂಬ ಮಾತನ್ನು ನಾವು ಬಿಡಬೇಕಾದುದಿಲ್ಲ. ಅದನ್ನು ಆಡುವಾಗ ಪರೀಕ್ಷೆ ಎಂದು ಬಗೆಯದೆ ಕೇಳುವುದು ಎಂದು ಬಗೆದರೆ, ಎದುರಿಗೆ ನಿಂತು ನಡುಗುತ್ತಿರುವ ಎಳೆಯ ಕಂಠಕ್ಕೆ ಅಷ್ಟರಮಟ್ಟಿಗೆ ನ್ಯಾಯವು ದೊರೆತಂತಾಗುವುದು.